ಓದುಗರ ಪ್ರಶ್ನೆ: ಅಟ್ಟದ ಮೇಲಿದ್ದ ಹಳದಿ ರೆಗ್ಯುಲೇಟರ್

ಪ್ರಶ್ನೆ: ಎರಡು ವರ್ಷಗಳಿಂದ ನಾನೂ ಹೆಂಡತಿಯೂ ಮಳೆಗಾಲ ಮುಗಿದ ಮೇಲೆ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್ ಮಾಡುತ್ತೇವೆ. ಬಾಡಿಗೆ ಸಾಮಾನು ಸಾಕೆನಿಸಿ ಈ ಸಲ ಸ್ವಂತ ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯನ್ನು ಬಾಯಿಗೆ ಒದಗಿಸುವ ಸಾಧನ) ಕೊಂಡೆ. ಜೊತೆಗಾರರ ಗಾಳಿ ಮುಗಿದರೆ ಅವರಿಗೆ ಕೊಡಲು ಹೆಚ್ಚುವರಿಯಾಗಿ ಬೇಕಾದ, ಹಳದಿ ಪೈಪಿನ ಆಕ್ಟೋಪಸ್ ಇನ್ನೂ ಕೊಂಡಿಲ್ಲ. ಮಸ್ಕತ್‌ನಲ್ಲಿರುವ ಭಾವ ಏಳು ವರ್ಷದ ಹಿಂದೆ ತಂದು ನಮ್ಮ ಅಟ್ಟದ ಮೇಲೆ ಇಟ್ಟುಹೋದದ್ದೊಂದು ಇದೆ, ಬೇರೆ ಕಂಪೆನಿಯದು. ಅದನ್ನೇ ಜೋಡಿಸಬಹುದೆ? ನೀರಿನಲ್ಲಿ ತೇಲುವುದನ್ನು ಹೊಂದಿಸಲು ತೊಡುವ ಜಾಕೆಟ್‌ಗೆ ಗಾಳಿ ತುಂಬುವ ಪೈಪಿನ ತುದಿಯಲ್ಲೇ ಸೇರಿಕೊಂಡಿರುವ ಇನ್ನೊಂದು ಬಗೆಯನ್ನೂ ಅಂಗಡಿಯವರು ತೋರಿಸಿದರು. ಹೇಗೂ ಅದನ್ನು ಉಪಯೋಗಿಸುವ ಸಂದರ್ಭ ಬರುವುದಿಲ್ಲವಷ್ಟೆ?
— ಉಪ್ಪಳದ ಓದುಗರು

(ಪತ್ರದ ಅಡಿಯಲ್ಲಿ, ಬೇರೆ ಕೈಬರಹದಲ್ಲಿ: ಆಪತ್ತು ಬಂದರೆ ಅದನ್ನು ಬಾಯಿಗೆ ಇಡಬೇಕಾದವಳು ನಾನು. ಅಟ್ಟದಿಂದ ಇಳಿಸಿದಾಗ ಅದರೊಳಗಿಂದ ಜಿರಳೆ ಬಿತ್ತು. ಅದನ್ನು ಇವರು ಬರೆದಿಲ್ಲ.)

ಉತ್ತರ: ನಿಮ್ಮ ಇಡೀ ಪತ್ರಕ್ಕಿಂತ ಅಡಿಯಲ್ಲಿರುವ ಆ ಎರಡು ಸಾಲು ತೂಕದವು. ಆಕ್ಟೋಪಸ್ ಕೊಳ್ಳುವಾಗ ಹೆಚ್ಚಿನವರ ಲೆಕ್ಕ ಒಂದೇ: ನನ್ನ ಬಾಯಲ್ಲಿರುವುದು ಒಳ್ಳೆಯದಿರಲಿ, ನೇತಾಡುವುದು ಹೇಗಿದ್ದರೂ ನಡೆದೀತು. ನೇತಾಡುವುದನ್ನು ಬಾಯಿಗೆ ಇಡುವವರು ಯಾರು? ಗಾಳಿ ಮುಗಿದು, ಹೆದರಿ, ಏದುಸಿರು ಬಿಡುತ್ತಾ ಬಂದವರು. ಸಾವಕಾಶವಾಗಿ ಉಸಿರಾಡುತ್ತಿರುವ ನಿಮಗಿಂತ ಅವರಿಗೇ ಸರಾಗವಾಗಿ ಗಾಳಿ ಸಿಗಬೇಕು.

20 ಮೀಟರ್ ಆಳದಲ್ಲಿ ಒತ್ತಡ 3 ಬಾರ್, ಅಂದರೆ ನೀರಿನ ಮೇಲಿನದರ ಮೂರು ಪಟ್ಟು; ಗಾಳಿಯ ಖರ್ಚೂ ಅಷ್ಟೇ ಪಟ್ಟು. ಗಾಬರಿಯಲ್ಲಿ ಒಬ್ಬೊಬ್ಬರಿಗೆ ನಿಮಿಷಕ್ಕೆ ನೀರಿನ ಮೇಲಿನ ಲೆಕ್ಕದಲ್ಲಿ 40 ಲೀಟರ್ ಗಾಳಿ ಬೇಕೆಂದು ಇಟ್ಟುಕೊಳ್ಳಿ. ಆ ಆಳದಲ್ಲಿ ಇಬ್ಬರಿಗೆ 240 ಲೀಟರ್. 12 ಲೀಟರಿನ ಸಿಲಿಂಡರಿನಲ್ಲಿ 80 ಬಾರ್ ಉಳಿದಿದ್ದರೆ ಇರುವುದು 960 ಲೀಟರ್, ನಾಲ್ಕು ನಿಮಿಷದ ಉಸಿರು. ಮೇಲೇರಿದಂತೆ ಖರ್ಚು ಇಳಿಯುತ್ತದೆ, ನಿಜ. ಆದರೂ ಒಂದು ನಿಮಿಷ ಕೆಳಗೆ ಸಾವರಿಸಿಕೊಂಡು, ನಿಮಿಷಕ್ಕೆ 9 ಮೀಟರಿನಂತೆ ಏರಿ, 5 ಮೀಟರಿನಲ್ಲಿ ಸುರಕ್ಷತೆಗಾಗಿ ಮೂರು ನಿಮಿಷ ನಿಲ್ಲುವಷ್ಟರಲ್ಲಿ ಸಿಲಿಂಡರ್ ಖಾಲಿಯಾಗಿರುತ್ತದೆ. ಉಸಿರೆಳೆಯಲು ಬಲ ಹಾಕಬೇಕಾದ ರೆಗ್ಯುಲೇಟರಿಗೆ ಈ ಲೆಕ್ಕದಲ್ಲಿ ಜಾಗವಿಲ್ಲ.

ನಾನು ಕುಂಬಳೆಯ ಕಡೆಯ ತೋಟದ ಮನೆಯವನು. ಅಡಿಕೆಗೆ ಮದ್ದು ಬಿಡುವ ಪಂಪಿಗೆ ಎರಡು ಗನ್ ಜೋಡಿಸಿದಾಗ ಪಂಪ್ ಸಣ್ಣದಾದರೆ ಎರಡರ ಎಸೆತವೂ ಕುಗ್ಗುತ್ತದೆ. ಇಲ್ಲಿಯೂ ಹಾಗೆಯೇ. ಸಿಲಿಂಡರಿನ ಕುತ್ತಿಗೆಗೆ ಕೂರುವ ಮೊದಲ ಹಂತವು 200 ಬಾರ್ ಗಾಳಿಯನ್ನು ಸುತ್ತಲಿನ ಒತ್ತಡಕ್ಕಿಂತ 9–10 ಬಾರ್ ಮಾತ್ರ ಹೆಚ್ಚಿರುವಷ್ಟಕ್ಕೆ ಇಳಿಸಿ ಇಬ್ಬರಿಗೂ ಒದಗಿಸಬೇಕು. ಕೊಳ್ಳುವಾಗ ಸೆಟ್ಟಿನ ಮೇಲೆ ‘ಇಎನ್ 250 ಎ’ ಎಂಬ ಗುರುತನ್ನು ಹುಡುಕಿ. ಕೊನೆಯ ‘ಎ’ ಇದ್ದರೆ, ಇಬ್ಬರು ಒಟ್ಟಿಗೆ ಉಸಿರಾಡುವುದಕ್ಕೆ ಯುರೋಪಿನ ಮಾನಕದಂತೆ 30 ಮೀಟರಿನವರೆಗೆ ಪರೀಕ್ಷೆಯಾಗಿದೆ ಎಂದು ಅರ್ಥ.

ಭಾವನ ಆಕ್ಟೋಪಸ್‌ಗೆ ಬರೋಣ. ಕಂಪೆನಿ ಬೇರೆ ಎಂಬುದು ದೊಡ್ಡ ತಕರಾರಲ್ಲ. ನಿಮ್ಮ ಮೊದಲ ಹಂತದ ಒತ್ತಡಕ್ಕೆ ತಕ್ಕಂತೆ ತಿಳಿದ ಮೆಕ್ಯಾನಿಕ್ ಹೊಂದಿಸಿದರೆ ನಡೆಯುತ್ತದೆ. ತಕರಾರು ಇರುವುದು ಆ ಏಳು ವರ್ಷದ ಮೇಲೆ. ಒಳಗೆ ಗಾಳಿಯನ್ನು ತಡೆಯುವ ರಬ್ಬರ್ ಸೀಟು ಸ್ಪ್ರಿಂಗಿನ ಒತ್ತಡಕ್ಕೆ ಗೀರುಬಿದ್ದಿರುತ್ತದೆ, ಡಯಾಫ್ರಮ್ ಎಂಬ ತೆಳ್ಳಗಿನ ಪೊರೆ ಬಿರುಸಾಗಿರುತ್ತದೆ. ಪೈಪಿನ ತುದಿಯಲ್ಲಿರುವ ರಬ್ಬರ್ ತೋಳನ್ನು ಹಿಂದಕ್ಕೆ ಸರಿಸಿ ನೋಡಿ, ಬಿರುಕುಗಳು ಅಡಗಿ ಕೂರುವುದು ಅಲ್ಲಿಯೇ. ಸಿಲಿಂಡರ್ ಮುಚ್ಚಿ, ಪೈಪಿನ ಗಾಳಿ ಹೊರಬಿಟ್ಟು, ಬಾಯಿಗಿಟ್ಟು ಎಳೆಯಿರಿ. ಏನೂ ಬರಬಾರದು. ಬಂದರೆ ಎಲ್ಲೋ ತೂತಿದೆ, ನೀರಿನಲ್ಲಿ ಅದೇ ತೂತಿನಿಂದ ನೀರು ಬರುತ್ತದೆ. ರಿಪೇರಿಗೂ ಹೊಸ ಪೈಪಿಗೂ ಕೊಡುವ ಹಣವನ್ನು ಕೂಡಿಸಿ ನೋಡಿದರೆ, ಭಾವನಿಗೆ ಬೇಸರವಾದರೂ ಸರಿ, ನಾನು ಹೊಸದನ್ನೇ ಕೊಳ್ಳುತ್ತೇನೆ.

ಜಾಕೆಟ್‌ನ ಪೈಪಿನಲ್ಲಿ ಸೇರಿಕೊಂಡಿರುವ ಬಗೆ ನೋಡಲು ಚೆಂದ, ಒಂದು ಪೈಪ್ ಕಡಿಮೆ ಸಾಕಾಗುತ್ತದೆ. ಆದರೆ ಆಗ ನಿಮ್ಮ ಬಾಯಲ್ಲಿರುವುದನ್ನು ತೆಗೆದು ಹೆಂಡತಿಗೆ ಕೊಟ್ಟು, ಆ ಗಿಡ್ಡ ಪೈಪಿನಲ್ಲಿ ನೀವು ಉಸಿರಾಡಬೇಕು. ಮೇಲೇರುವಾಗ ಅದೇ ಕೈಯಲ್ಲಿ ಜಾಕೆಟ್‌ನ ಗಾಳಿಯನ್ನೂ ಬಿಡುತ್ತಿರಬೇಕು. ಅಭ್ಯಾಸವಿದ್ದವರಿಗೆ ಸೈ. ಎರಡು ವರ್ಷದಿಂದ ಇಳಿಯುತ್ತಿರುವವರಿಗೆ ನಾನು ಹೇಳುವುದು ಸಾದಾ ಹಳದಿ ಆಕ್ಟೋಪಸ್, ಸುಮಾರು ಒಂದು ಮೀಟರ್ ಪೈಪ್. ಎರಡು ಮೀಟರಿನ ಪೈಪ್ ಗುಹೆಗಳಲ್ಲಿ ಒಬ್ಬರ ಹಿಂದೆ ಒಬ್ಬರು ನುಸುಳುವವರ ಸಾಮಾನು, ನೇತ್ರಾಣಿಗೆ ಬೇಡ.

ಕೊಂಡ ಮೇಲೆ ಎಲ್ಲಿ ಸಿಕ್ಕಿಸುತ್ತೀರಿ ಎಂಬುದನ್ನು ಹಗುರವಾಗಿ ಕಾಣಬೇಡಿ. ಒಮ್ಮೆ 14 ಮೀಟರಿನಲ್ಲಿ ಜೊತೆಗಾರನೊಬ್ಬ ನನ್ನತ್ತ ಬಂದು ಗಾಳಿ ಇಲ್ಲವೆಂದು ಸನ್ನೆ ಮಾಡಿದ. ನನ್ನ ಆಕ್ಟೋಪಸ್ ಅಷ್ಟೂ ಹೊತ್ತು ಸೊಂಟದಿಂದ ಜಾರಿ ಮರಳು ಗೋರುತ್ತಿತ್ತು. ಅವನು ಬಾಯಿಗಿಟ್ಟರೆ ಪ್ರತಿ ಉಸಿರಿಗೂ ಅರ್ಧ ನೀರು: ಉಸಿರು ಹೊರಹೋಗುವ ತೆಳ್ಳಗಿನ ರಬ್ಬರ್ ಕವಾಟದಲ್ಲಿ ಮರಳಿನ ಕಣ ಕೂತಿತ್ತು. ನನ್ನ ಬಾಯಿಯದನ್ನು ಅವನಿಗೆ ಕೊಟ್ಟು, ಆ ನೀರನ್ನು ನಾನು ನುಂಗುತ್ತಾ ಮೇಲೆ ಬಂದೆ. ತಪ್ಪು ಸಾಮಾನಿನದಲ್ಲ, ನನ್ನದೇ. ಗಲ್ಲಕ್ಕೂ ಪಕ್ಕೆಲುಬಿಗೂ ನಡುವೆ, ಎದೆಯ ಮೇಲೆ, ಒಂದೇ ಎಳೆತಕ್ಕೆ ಕಳಚಿ ಬರುವಂತೆ ಅದು ಇರಬೇಕು. ಇಳಿಯುವ ಮುನ್ನ ಬಕೆಟ್ ನೀರಿನಲ್ಲಿ ಮುಳುಗಿಸಿ ನೋಡಿ. ಬಾಯಿ ಮೇಲಾಗಿದ್ದಾಗ ಗಾಳಿ ಭೋರೆಂದು ಸುರಿದರೆ ಹೆದರಬೇಡಿ, ಬಾಯಿ ಕೆಳಗೆ ಮಾಡಿದರೆ ನಿಲ್ಲಬೇಕು. ನಿಲ್ಲದಿದ್ದರೆ ಆ ದಿನ ದೋಣಿಯಲ್ಲಿಯೇ ಕುಳಿತಿರಿ.

ಇನ್ನು ಆ ಎರಡನೆಯ ಕೈಬರಹದವರಿಗೆ: ತಾಯೀ, ಅಂಗಡಿಗೆ ನೀವೂ ಹೋಗಿ. ಸಿಲಿಂಡರಿಗೆ ಜೋಡಿಸಲು ಹೇಳಿ, ನಿಂತಲ್ಲೇ ಐದು ನಿಮಿಷ ಅದರಲ್ಲಿ ಉಸಿರಾಡಿ, ಒಂದೆರಡು ಸಲ ಜೋರಾಗಿ ಎಳೆಯಿರಿ. ದವಡೆ ನೋಯುತ್ತಿದ್ದರೆ ಸಣ್ಣ ಮೌತ್‌ಪೀಸ್ ಸಿಗುತ್ತದೆ, ಒಂದು ಪ್ಲಾಸ್ಟಿಕ್ ಕಟ್ಟಿನಲ್ಲಿ ಬದಲಾಯಿಸುವ ಕೆಲಸ. ಮುಂದಿನ ಸಲ ನೇತ್ರಾಣಿಯಲ್ಲಿ ಐದು ಮೀಟರಿಗೆ ಇಳಿದೊಡನೆ, ಗಾಳಿ ಇಲ್ಲವೆಂದು ನೀವೇ ಸನ್ನೆ ಮಾಡಿ. ಯಜಮಾನರು ಎಷ್ಟು ಹೊತ್ತಿನಲ್ಲಿ ಅದನ್ನು ನಿಮ್ಮ ಕೈಗೆ ಕೊಡುತ್ತಾರೆ ನೋಡಿ, ನನಗೂ ಬರೆದು ತಿಳಿಸಿ. ಜಿರಳೆಯ ಸುದ್ದಿಯನ್ನು ಮಸ್ಕತ್‌ಗೆ ಬೇಕಾದರೆ ನಾನೇ ಬರೆಯುತ್ತೇನೆ.