ಹಿತ್ತಿಲಿನ 10×15 ಅಡಿ ಜಾಗಕ್ಕೆ ಜಗತ್ತಿನ ಪ್ರಸಿದ್ಧ ತೋಟಗಳಿಂದ ಏನನ್ನು ತರಬಹುದು?

ನೀವು ಕೇಳಿರುವುದು ಇಷ್ಟು: ಮನೆ ಮೈಸೂರಿನಲ್ಲಿ. ಅಡುಗೆಮನೆ ಬಾಗಿಲಿನಾಚೆ 10 ಅಡಿ ಅಗಲ, 15 ಅಡಿ ಉದ್ದದ ಹಿತ್ತಿಲಿದೆ, ಬೆಳಗಿನ ಹೊತ್ತು ನಾಲ್ಕು ಗಂಟೆ ಬಿಸಿಲು ಬೀಳುತ್ತದೆ. ಜಪಾನಿನ ಕ್ಯೋಟೊದ ಕಲ್ಲಿನ ತೋಟ, ಸ್ಪೇನಿನ ಅಲ್ಹಂಬ್ರ ಅರಮನೆಯ ನೀರು, ಫ್ರೆಂಚ್ ಚಿತ್ರಕಾರ ಕ್ಲೋಡ್ ಮೊನೆಯ ನೈದಿಲೆ ಕೊಳ, ಇಂಗ್ಲೆಂಡಿನ ಬಿಳಿ ತೋಟ, ಈ ನಾಲ್ಕರಲ್ಲಿ ಯಾವುದನ್ನು ಹೇಗೆ ಮಾಡಿಕೊಳ್ಳಬಹುದು?

ಗಿಡಗಳ ಪಟ್ಟಿ ಮಾಡುವ ಮೊದಲು ಒಂದು ಕುರ್ಚಿ ತಂದು, ನೀವು ದಿನಾ ಎಲ್ಲಿಂದ ತೋಟ ನೋಡುತ್ತೀರೋ ಅಲ್ಲಿ ಇಟ್ಟುಕೊಂಡು ಕೂತುಕೊಳ್ಳಿ. ನೀವು ಹೆಸರಿಸಿದಂಥ ತೋಟಗಳಲ್ಲಿ ಎಲ್ಲಿಂದ ನೋಡುತ್ತೇವೆ ಎಂಬುದು ಮುಖ್ಯ. ಅವುಗಳಿಂದ ತರಬೇಕಾದ್ದು ಆ ಲೆಕ್ಕಾಚಾರ. ಗಿಡಗಳನ್ನು ಅಲ್ಲಿಯೇ ಬಿಡಿ. ನಿಮ್ಮ ಊರಿನ ಪಕ್ಕದಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ಸರ್ ಮಿರ್ಜಾ ಇಸ್ಮಾಯಿಲ್ ಅವರು ಕನ್ನಂಬಾಡಿ ಕಟ್ಟೆಯ ಕೆಳಗೆ ಬೃಂದಾವನ ಮಾಡಿಸಿದಾಗ ಕಾಶ್ಮೀರದ ಶಾಲಿಮಾರ್ ತೋಟವನ್ನು ಮಾದರಿಯಾಗಿ ಇಟ್ಟುಕೊಂಡರು. ಅಲ್ಲಿಂದ ಬಂದದ್ದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಅಂಗಳ ಮತ್ತು ನಟ್ಟನಡುವೆ ಹರಿಯುವ ನೀರಿನ ಗೆರೆ.

ಮೊನೆಯ ಕೊಳವನ್ನು ಮೊದಲೇ ಪಟ್ಟಿಯಿಂದ ತೆಗೆದುಬಿಡಿ. ಅವರು ಫ್ರಾನ್ಸಿನ ಜಿವರ್ನಿಯಲ್ಲಿ 1893ರಲ್ಲಿ ಕೊಳಕ್ಕೆಂದೇ ಬೇರೆ ಜಮೀನು ಕೊಂಡು, ಹಳ್ಳದ ನೀರು ತಿರುಗಿಸಿಕೊಂಡಿದ್ದರು. ನೈದಿಲೆ ಚೆನ್ನಾಗಿ ಹೂ ಬಿಡಬೇಕಾದರೆ ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು. ನಾಲ್ಕು ಗಂಟೆ ಬಿಸಿಲಿಗೆ ಬರೀ ಎಲೆ ಬರುತ್ತದೆ. ತಾರಸಿಯಲ್ಲಿ ಬಿಸಿಲಿದ್ದರೆ 20 ಇಂಚು ಅಗಲದ ಟಬ್ಬಿನಲ್ಲಿ ಒಂದು ಗೆಡ್ಡೆ ಸಾಕು. ಕೆರೆಯ ಗೋಡು ಮಣ್ಣನ್ನೇ ಹಾಕಿ, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿದರೆ ಎಲ್ಲ ಮೇಲೆ ತೇಲುತ್ತದೆ. ಕಾರಂಜಿಯನ್ನೂ ನೈದಿಲೆಯನ್ನೂ ಒಂದೇ ಕಡೆ ಇಡಬೇಡಿ, ಎಲೆಯ ಮೇಲೆ ಸದಾ ನೀರು ಚಿಮ್ಮುತ್ತಿದ್ದರೆ ಆ ಗಿಡ ಸೊರಗುತ್ತದೆ.

ಕ್ಯೋಟೊದ ರ್‍ಯೋವಾನ್‌ಜಿ ಎಂಬ ಬೌದ್ಧ ದೇವಾಲಯದ ಕಲ್ಲಿನ ತೋಟ ನಿಮ್ಮ ಜಾಗಕ್ಕೆ ಹೊಂದುತ್ತದೆ, ಆದರೆ ಅದು ಸುಲಭದ್ದೆಂದು ತಿಳಿಯಬೇಡಿ. ಅಲ್ಲಿ ಇರುವುದು ಸುಮಾರು 25 ಮೀಟರ್ ಉದ್ದ, 10 ಮೀಟರ್ ಅಗಲದ ಜಲ್ಲಿಯಲ್ಲಿ ಐದು ಗುಂಪುಗಳಾಗಿ 15 ಕಲ್ಲುಗಳು. ಜಗಲಿಯ ಯಾವ ಮೂಲೆಯಲ್ಲಿ ಕೂತರೂ ಒಂದಾದರೂ ಕಲ್ಲು ಮರೆಯಾಗುತ್ತದೆ. ಒಳಗೆ ಯಾರೂ ನಡೆದಾಡುವುದಿಲ್ಲ. ಹಿತ್ತಿಲಿನಲ್ಲಿ ಬಟ್ಟೆ ಒಣಹಾಕುವವರಿಗೆ, ಮಕ್ಕಳು ಓಡಾಡುವ ಮನೆಗೆ ಇದು ಆಗದ ಮಾತು. ಮಾಡುವುದೇ ಆದರೆ ಕೆಲವು ಸೂಕ್ಷ್ಮಗಳಿವೆ. ಉರುಟು ಬೆಣಚು ಕಲ್ಲು ತರಬೇಡಿ. ಕುಂಟೆ ಎಳೆದ ಗೆರೆ ಅದರಲ್ಲಿ ನಿಲ್ಲುವುದಿಲ್ಲ, ಉರುಳಿ ಮುಚ್ಚಿಹೋಗುತ್ತದೆ. ಮೂಲೆಮೂಲೆಯಾಗಿ ಒಡೆದ 6 ಎಂಎಂ ಗ್ರಾನೈಟ್ ಜಲ್ಲಿ ಗೆರೆಯನ್ನು ಹಿಡಿದಿಡುತ್ತದೆ. 150 ಚದರಡಿಗೆ 2 ಇಂಚು ದಪ್ಪ ಹಾಸಲು 25 ಘನ ಅಡಿ, ಅಂದರೆ ಹೆಚ್ಚುಕಡಿಮೆ ಒಂದು ಟನ್ ಬೇಕು. ಹಾಸುವ ಮೊದಲು ಜರಡಿಯಲ್ಲಿ ತೊಳೆದು ಪುಡಿ ತೆಗೆಯಿರಿ. ಪುಡಿ ಉಳಿದರೆ ಮೊದಲ ಮಳೆಗೇ ಗಟ್ಟಿಯಾಗಿ ಕುಳಿತು ಕಳೆಗೆ ಪಾತಿಯಾಗುತ್ತದೆ. ಜಲ್ಲಿಯ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಕಿದರೆ ನೀರು ಇಂಗದೆ ಸೊಳ್ಳೆ ಬರುತ್ತದೆ, ನೀರು ಇಳಿಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಕಿ. ಬಿಳಿ ಮಾರ್ಬಲ್ ಚೂರು ಬೇಸಿಗೆಯಲ್ಲಿ ಕಣ್ಣು ಕುಕ್ಕುತ್ತದೆ, ಮಳೆಗಾಲದಲ್ಲಿ ಪಾಚಿ ಕಟ್ಟಿ ಹಸಿರಾಗುತ್ತದೆ. ಕಲ್ಲು ಮೂರೇ ಇರಲಿ, ಪ್ರತಿಯೊಂದರ ಮೂರನೇ ಒಂದು ಭಾಗ ನೆಲದೊಳಗೆ ಹೂತಿರಲಿ. ಮೇಲೆ ಇಟ್ಟ ಕಲ್ಲು ಯಾರೋ ತಂದು ಇಳಿಸಿ ಮರೆತುಹೋದ ಹಾಗೆ ಕಾಣುತ್ತದೆ. ಕಲ್ಲಿನ ಸುತ್ತ ಅಲ್ಲಿರುವಂತೆ ಹಾವಸೆ ಬೆಳೆಸಲು ಮೈಸೂರಿನ ಬೇಸಿಗೆ ಬಿಡುವುದಿಲ್ಲ. ಕುಳ್ಳ ಮೊಂಡೊ ಹುಲ್ಲನ್ನು 4 ಇಂಚಿಗೊಂದರಂತೆ ನೆಡಬಹುದು. ಒಂದೆಲಗ ಬೇಡ, ಬಳ್ಳಿ ಹಬ್ಬಿಸಿ ಜಲ್ಲಿಯನ್ನೆಲ್ಲ ಆವರಿಸುತ್ತದೆ.

ನನ್ನ ಆಯ್ಕೆ ಅಲ್ಹಂಬ್ರದ ನೀರು. ಸ್ಪೇನಿನ ಗ್ರಾನಡಾದಲ್ಲಿ ಅಲ್ಹಂಬ್ರಕ್ಕೆ ಹೊಂದಿಕೊಂಡ ಹೆನರಲೀಫೆ ಎಂಬ ಅರಮನೆ ತೋಟವಿದೆ. ಅದರ ಅಂಗಳದ ನಡುವೆ ಕಿರಿದಾದ ಒಂದು ಕಾಲುವೆ. ಅದು ಬರಿಯ ಅಲಂಕಾರದ ನೀರಲ್ಲ, ತೋಟಕ್ಕೂ ಅರಮನೆಗೂ ನೀರು ತರುತ್ತಿದ್ದ ರಾಜಕಾಲುವೆಯೇ ಅಂಗಳದೊಳಗೆ ಹಾದುಹೋಗುತ್ತದೆ. ಚಿತ್ರಗಳಲ್ಲಿ ಕಾಣುವ ಕಮಾನಿನ ಕಾರಂಜಿಗಳು ಎಷ್ಟೋ ಕಾಲದ ನಂತರ ಸೇರಿದವು. ಮೂಲದ ಕಲ್ಪನೆ ಸದ್ದಿಲ್ಲದೆ ಸಾಗುವ, ಆಕಾಶ ಕಾಣಿಸುವ ನೀರು. ಉದ್ದನೆಯ ಇಕ್ಕಟ್ಟಾದ ಜಾಗಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ಯಾವ ತೋಟದಲ್ಲೂ ಇಲ್ಲ: ಕಣ್ಣು ನೀರಿನ ಗೆರೆ ಹಿಡಿದು ಕೊನೆಯವರೆಗೆ ಹೋಗುತ್ತದೆ, 15 ಅಡಿ 25ರಂತೆ ಅನ್ನಿಸುತ್ತದೆ.

ಅಳತೆ ಹೀಗಿರಲಿ. ಅಡುಗೆಮನೆ ಬಾಗಿಲ ನೇರಕ್ಕೆ, ಒಳಅಗಲ 1 ಅಡಿ, ಉದ್ದ 10 ಅಡಿ, ನೀರಿನ ಆಳ 8 ಇಂಚು. ಸುಮಾರು 190 ಲೀಟರ್ ಹಿಡಿಯುತ್ತದೆ. ಗೋಡೆ ಸೇರಿ ಒಟ್ಟು 2 ಅಡಿ ಅಗಲ ಬೇಕು. ಎರಡೂ ಕಡೆ ನಾಲ್ಕು ನಾಲ್ಕು ಅಡಿ ಉಳಿಯುತ್ತದೆ: ಎರಡಡಿ ಓಡಾಟಕ್ಕೆ, ಕಾಂಪೌಂಡಿಗೆ ತಾಗಿ ಎರಡಡಿ ಪಾತಿಗೆ. ಕಾಲುವೆಯನ್ನು ಅಗಲ ಮಾಡುವ ಆಸೆ ಬೇಡ, ಎರಡಡಿ ಆದರೆ ಅದು ತೊಟ್ಟಿಯಾಗುತ್ತದೆ.

15 ಇಂಚು ಆಳ ಅಗೆದು ತಳ ದಮ್ಮಸು ಮಾಡಿಸಿ. ಕಾಂಕ್ರೀಟ್ ಹಾಕುವ ಮೊದಲೇ ಪಂಪಿನ ನೀರು ಆ ತುದಿಗೆ ಹೋಗಲು ಅರ್ಧ ಇಂಚಿನ ಪೈಪು, ತೊಳೆದಾಗ ನೀರು ಬಿಡಲು ಒಂದೂವರೆ ಇಂಚಿನ ಪೈಪು ಕೂರಿಸಿ. ಇದನ್ನು ಮರೆತು ಆಮೇಲೆ ಕೊರೆಸಿದ ಕಡೆಯಲ್ಲೇ ಮುಂದೆ ಸೋರುತ್ತದೆ. ತಳಕ್ಕೆ 4 ಇಂಚು ಕಾಂಕ್ರೀಟ್, ನೀರು ಬಿಡುವ ತುದಿಗೆ ಅರ್ಧ ಇಂಚು ಇಳಿಜಾರು. ಬದಿಗೆ 4 ಇಂಚಿನ ಸಾಲಿಡ್ ಬ್ಲಾಕ್, ಒಳಗೆ ವಾಟರ್‌ಪ್ರೂಫ್ ಬೆರೆಸಿದ 1:3 ಪ್ಲಾಸ್ಟರಿಂಗ್, ಹತ್ತು ದಿನ ಕ್ಯೂರಿಂಗ್. ಗಾರೆಯವರಿಗೆ ಒಂದು ಮಾತು ಗಟ್ಟಿಯಾಗಿ ಹೇಳಿ: ಮೇಲಂಚನ್ನು ಟ್ಯೂಬ್ ಲೆವೆಲ್ (ಮಟ್ಟ ನೋಡುವ ನೀರಿನ ಕೊಳವೆ) ಹಿಡಿದೇ ಮುಗಿಸಬೇಕು. ಕಣ್ಣಂದಾಜಿನಲ್ಲಿ ಕಾಲಿಂಚು ಹೆಚ್ಚುಕಡಿಮೆಯಾದರೂ ನೀರು ತುಂಬಿದ ಕೂಡಲೇ ಅದು ಎದ್ದು ಕಾಣುತ್ತದೆ.

ಒಳಗೆ ಕಡಪ ಕಲ್ಲು ಹಾಕಿಸಿ. ಕಪ್ಪು ತಳವಿದ್ದರೆ ನೀರು ಕನ್ನಡಿಯಾಗುತ್ತದೆ, ಆಳ ಕಾಣುವುದಿಲ್ಲ, ಕೆಸರೂ ಕಾಣುವುದಿಲ್ಲ. ಈಜುಕೊಳದ ನೀಲಿ ಟೈಲ್ಸ್ ಹಾಕಿದರೆ ಆಕಾಶದ ಬದಲು ತಳವೇ ಕಾಣುತ್ತದೆ.

ಗಂಟೆಗೆ 1,000 ಲೀಟರ್ ಎತ್ತುವ, 18ರಿಂದ 20 ವಾಟಿನ ಸಣ್ಣ ಸಬ್‌ಮರ್ಸಿಬಲ್ ಪಂಪು ಸಾಕು. ಆ ತುದಿಯಲ್ಲಿ ನೀರು ಮೇಲ್ಮೈಗಿಂತ ಒಂದಿಂಚು ಕೆಳಗೇ ಹೊರಬರಲಿ. ವಿದ್ಯುತ್ ಸಂಪರ್ಕಕ್ಕೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ವಿದ್ಯುತ್ ಸೋರಿದ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್ಚು) ಕಡ್ಡಾಯ, ಈ ವಿಷಯದಲ್ಲಿ ಉಳಿತಾಯದ ಯೋಚನೆ ಮಾಡಲೇಬೇಡಿ. ನಡೆಯಲು ಕಲಿಯುವ ಮಗು ಮನೆಯಲ್ಲಿದ್ದರೆ 8 ಇಂಚು ನೀರೂ ಅಪಾಯವೇ. ಮಗು ದೊಡ್ಡದಾಗುವವರೆಗೆ ಕಾಲುವೆಗೆ ಜಲ್ಲಿ ತುಂಬಿ, ಅದರ ಮೇಲೆ ಬೆರಳು ನೆನೆಯುವಷ್ಟು ಮಾತ್ರ ನೀರಿಡಿ.

ಹೊಸ ಸಿಮೆಂಟಿನ ಸುಣ್ಣ ನೀರಿಗೆ ಬಿಡುತ್ತದೆ. ತುಂಬಿ, ನಾಲ್ಕು ದಿನ ಬಿಟ್ಟು ಖಾಲಿ ಮಾಡಿ. ಹೀಗೆ ಮೂರು ಸಲ ಮಾಡಿದ ಮೇಲೆಯೇ ಸೊಳ್ಳೆಮರಿ ತಿನ್ನುವ ಹತ್ತು ಗಪ್ಪಿ ಮೀನು ಬಿಡಿ. ಆತುರಪಟ್ಟರೆ ಮೀನು ಸಾಯುತ್ತವೆ. ಪಂಪು ಓಡುತ್ತಿದ್ದರೆ ಸೊಳ್ಳೆ ಬರುವುದಿಲ್ಲ ಎಂದು ನಂಬಬೇಡಿ, ಮೂಲೆಯಲ್ಲಿ ನೀರು ನಿಂತೇ ಇರುತ್ತದೆ, ಮೊಟ್ಟೆ ಒಂದು ವಾರ ಹತ್ತು ದಿನದಲ್ಲಿ ಸೊಳ್ಳೆಯಾಗುತ್ತದೆ. ಬೇಸಿಗೆಯಲ್ಲಿ ದಿನಕ್ಕೆ ಐದಾರು ಲೀಟರ್ ಆವಿಯಾಗುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಹಾಕುತ್ತಾ ಹೋದರೆ ಕಡಪ ಕಲ್ಲಿನ ಮೇಲೆ ಬಿಳಿ ಗೆರೆ ಕೂರುತ್ತದೆ, ಕಾವೇರಿ ನೀರು ಅಥವಾ ಮಳೆನೀರು ಮೇಲು. ತಿಂಗಳಿಗೊಮ್ಮೆ ಅರ್ಧ ನೀರು ತೆಗೆದು ಪಾತಿಗೆ ಹಾಯಿಸಿ, ಮೀನಿನ ನೀರು ಗಿಡಕ್ಕೆ ಒಳ್ಳೆಯದು.

ಪಾತಿಯ ಗಿಡಗಳಿಗೆ ಇಂಗ್ಲೆಂಡಿನ ಸಿಸ್ಸಿಂಗ್‌ಹರ್ಸ್ಟ್ ನೆನಪಿಗೆ ಬರಲಿ. ಲೇಖಕಿ ವೀಟಾ ಸ್ಯಾಕ್‌ವಿಲ್‌ವೆಸ್ಟ್ 1950ರ ಆಸುಪಾಸಿನಲ್ಲಿ ಮಾಡಿದ ಬಿಳಿ ತೋಟದಲ್ಲಿ ಬಿಳಿ, ಬೂದು, ಹಸಿರು ಬಿಟ್ಟರೆ ಬೇರೆ ಬಣ್ಣವಿಲ್ಲ. ಮುಸ್ಸಂಜೆಯ ಮಬ್ಬಿನಲ್ಲಿ ಕೆಂಪು ಹೂ ಮೊದಲು ಕಪ್ಪಾಗುತ್ತದೆ, ಬಿಳಿ ಕೊನೆಯವರೆಗೂ ಉಳಿಯುತ್ತದೆ. ಕೆಲಸ ಮುಗಿಸಿ ಕತ್ತಲಾಗುವಾಗ ಮನೆ ಸೇರುವವರಿಗೆ ಇಂಥ ತೋಟವೇ ಬೇಕು. ಅಲ್ಲಿನ ಗಿಡಗಳನ್ನು ಹುಡುಕಬೇಡಿ. ನಮ್ಮಲ್ಲಿ ಬಿಳಿ ಹೂವಿಗೆ ಕೊರತೆ ಇಲ್ಲ, ಸುವಾಸನೆಯಲ್ಲಂತೂ ನಮ್ಮವೇ ಮುಂದು.

ನಾಲ್ಕು ಗಂಟೆ ಬಿಸಿಲಿಗೆ ನಂದಬಟ್ಟಲು ಮುಖ್ಯ ಗಿಡವಾಗಲಿ, ಒಂದೊಂದು ಬದಿಗೆ ನಾಲ್ಕರಂತೆ, ಮೂರು ಮೂರಡಿ ಅಂತರದಲ್ಲಿ. ಮಧ್ಯೆ ಬಿಳಿ ರೈನ್ ಲಿಲ್ಲಿ ಗೆಡ್ಡೆಗಳನ್ನು 4 ಇಂಚಿಗೊಂದರಂತೆ. ಹೆಚ್ಚು ಬಿಸಿಲು ಬೀಳುವ ಮೂಲೆಯಲ್ಲಿ ಮೂರು ಸುಗಂಧರಾಜದ ಗೆಡ್ಡೆ, ಒಂದೇ ಒಂದು ದುಂಡುಮಲ್ಲಿಗೆ. ಈ ಬಿಸಿಲಿಗೆ ಮಲ್ಲಿಗೆ ಬುಟ್ಟಿಗಟ್ಟಲೆ ಬಿಡುವುದಿಲ್ಲ. ನವೆಂಬರ್ ಕೊನೆಗೆ ಒಂದೂವರೆ ಅಡಿ ಎತ್ತರಕ್ಕೆ ಸವರಿದರೆ ಬೇಸಿಗೆಗೆ ಮುಡಿಯುವಷ್ಟಾದರೂ ಸಿಗುತ್ತದೆ. ಯೂರಿಯಾ ಹಾಕಿದರೆ ಎಲೆ ಮಾತ್ರ. ಪಾತಿಗೆ ಕೆಂಪು ಮಣ್ಣು ಎರಡು ಪಾಲು, ಕೊಟ್ಟಿಗೆ ಗೊಬ್ಬರ ಒಂದು, ಎಂ ಸ್ಯಾಂಡ್ ಒಂದು.

ಕತ್ತರಿಸಿ ಬೇಲಿ ಮಾಡಲು ನರ್ಸರಿಯಲ್ಲಿ ಕಾಮಿನಿ ಗಿಡ ಕೊಡುತ್ತಾರೆ, ಅದರ ಹೂವೂ ಬಿಳಿಯೇ. ಆದರೆ ಪಕ್ಕದಲ್ಲಿ ನಿಂಬೆ ಗಿಡವಿದ್ದರೆ ಬೇಡ, ನಿಂಬೆಯ ಚಿಗುರು ಹೀರುವ ಸಿಲ್ಲಾ ಕೀಟಕ್ಕೆ ಕಾಮಿನಿ ಅಚ್ಚುಮೆಚ್ಚು.

ಕಾಲುವೆಯ ಕೊನೆಯಲ್ಲಿ ಕಣ್ಣು ನಿಲ್ಲಲು ಏನಾದರೂ ಇರಬೇಕು. ಶ್ರೀಲಂಕಾದ ಬೆಂಟೋಟದ ಬಳಿ ವಾಸ್ತುಶಿಲ್ಪಿ ಜೆಫ್ರಿ ಬಾವ 1948ರಿಂದ ಬೆಳೆಸಿದ ಲುನುಗಂಗ ತೋಟದಲ್ಲಿ, ದೂರದ ಗುಡ್ಡದ ಮೇಲೆ ರಂಜದ ಮರದ ಕೆಳಗೆ ಒಂದು ದೊಡ್ಡ ಜಾಡಿ ಇದೆ, ಅಷ್ಟೇ. ಮನೆಯಿಂದ ನೋಡಿದವರ ಕಣ್ಣು ನೇರ ಅಲ್ಲಿಗೆ ಹೋಗುತ್ತದೆ. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಉಪ್ಪಿನಕಾಯಿ ಜಾಡಿಯೋ ತಾಮ್ರದ ಹಂಡೆಯೋ ಇದ್ದರೆ ಅದನ್ನೇ ಇಡಿ. ಒಂದೇ ಇಡಿ. ಬುದ್ಧನ ವಿಗ್ರಹ, ದೀಪದ ಕಂಬ, ಬಾತುಕೋಳಿ ಎಲ್ಲ ಸೇರಿಸಿದರೆ ಕಣ್ಣು ಎಲ್ಲೂ ನಿಲ್ಲುವುದಿಲ್ಲ.

ಗಾರೆ ಕೆಲಸವನ್ನು ಜನವರಿ, ಫೆಬ್ರುವರಿಯಲ್ಲಿ ಮುಗಿಸಿ. ಮಾರ್ಚಿಗೆ ನೀರು ತುಂಬಿ ಸೋರಿಕೆ ನೋಡಿ: ಪಂಪು ನಿಲ್ಲಿಸಿ ಗುರುತು ಹಾಕಿದ ಮೇಲೆ ದಿನಕ್ಕೆ ಅರ್ಧ ಇಂಚಿಗಿಂತ ಹೆಚ್ಚು ಇಳಿದರೆ ಅದು ಆವಿಯಲ್ಲ, ಸೋರಿಕೆ. ರಿಪೇರಿಗೆ ಮಳೆಗಾಲದವರೆಗೆ ಸಮಯ ಇರುತ್ತದೆ. ಗಿಡಗಳನ್ನು ಜೂನಿನಲ್ಲಿ ಎರಡು ಒಳ್ಳೆಯ ಮಳೆ ಬಿದ್ದ ಮೇಲೆ ನೆಡಿ.