ನನ್ನ ಆಟದಲ್ಲಿ ಗಟ್ಟಿ ಅಂದರೆ ಗ್ರೀನ್ ಪಕ್ಕದ ಇಪ್ಪತ್ತು ಯಾರ್ಡ್

ನೀವು ಕೇಳಿದ್ದು ಎರಡು ವಿಷಯ. ಹವ್ಯಾಸಕ್ಕೆ ಗಾಲ್ಫ್ ಆಡುವವರ ಆಟದಲ್ಲಿ ಯಾವುದು ಗಟ್ಟಿ, ಮತ್ತೆ ಅದೇ ಗಟ್ಟಿ ಅಂತ ಅವರಿಗೆ ಗೊತ್ತಾಗಿದ್ದು ಹೇಗೆ. ಜೊತೆಗೆ ನಿಮ್ಮದನ್ನೂ ಹೇಳಿದ್ದೀರಿ: ಆಡಲು ಶುರು ಮಾಡಿ ಒಂದು ವರ್ಷ ಆಯ್ತು, ರೇಂಜ್‌ನಲ್ಲಿ, ಅಂದರೆ ಅಭ್ಯಾಸದ ಮೈದಾನದಲ್ಲಿ, 7 ಐರನ್ (ಮಧ್ಯಮ ದೂರದ ಕ್ಲಬ್, ಅಂದರೆ ಹೊಡೆಯುವ ಕೋಲು) ಚೆನ್ನಾಗಿ ಹೋಗುತ್ತೆ, ಕೋರ್ಸ್‌ಗೆ ಇಳಿದ ತಕ್ಷಣ ಕೈಕೊಡುತ್ತೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಬೆಂಗಳೂರಿನಲ್ಲಿ 1876ರಿಂದ ಗಾಲ್ಫ್ ಕ್ಲಬ್ ಇದೆ, ಆದರೂ ಈ ಆಟದ ಬಗ್ಗೆ ಕನ್ನಡದಲ್ಲಿ ಒಬ್ಬರು ಪ್ರಶ್ನೆ ಕೇಳಿದ್ದು ನನ್ನ ಕಣ್ಣಿಗೆ ಬಿದ್ದಿದ್ದು ಇದೇ ಮೊದಲು. ಖುಷಿ ಆಯ್ತು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಸಹಿಸಿಕೊಳ್ಳಿ.

ಮೊದಲು ನನ್ನ ಯೋಗ್ಯತೆ ಹೇಳಿಬಿಡುತ್ತೇನೆ. ವಯಸ್ಸು 49, ಆಡಲು ಶುರು ಮಾಡಿದ್ದು 36ಕ್ಕೆ, ಹ್ಯಾಂಡಿಕ್ಯಾಪ್ 18, ಅಂದರೆ ಚೆನ್ನಾಗಿ ಆಡಿದ ದಿನ ಪಾರ್‌ಗಿಂತ (ಕೋರ್ಸ್‌ಗೆ ನಿಗದಿಯಾದ ಹೊಡೆತಗಳಿಗಿಂತ) ಸುಮಾರು 18 ಹೆಚ್ಚು. ಹಾಗಾಗಿ ಪಾರ್ 72ರ ಕೋರ್ಸ್‌ನಲ್ಲಿ 90ಕ್ಕೆ ಮುಗಿಸಿದ ದಿನ ನಾನು ಮನೆಯಲ್ಲಿ ಎಲ್ಲರ ಹತ್ತಿರವೂ ನಗುತ್ತಾ ಮಾತಾಡುತ್ತೇನೆ. ನನ್ನ ಆಟದಲ್ಲಿ ಗಟ್ಟಿ ಅಂತ ಏನಾದರೂ ಇದ್ದರೆ ಅದು ಚಿಪ್ಪಿಂಗ್. ಬಾಲ್ ಗ್ರೀನ್ (ಕಪ್, ಅಂದರೆ ಗುಂಡಿ, ಇರುವ ನುಣ್ಣನೆಯ ಹುಲ್ಲಿನ ಜಾಗ) ಮೇಲೆ ಹತ್ತದೆ, ಒಂದು ಹತ್ತಿಪ್ಪತ್ತು ಯಾರ್ಡ್ ಈಚೆಗೇ ನಿಂತುಬಿಡುತ್ತಲ್ಲ, ಅಲ್ಲಿಂದ ಸಣ್ಣಗೆ ತಟ್ಟಿ ಕಪ್ ಹತ್ತಿರಕ್ಕೆ ತಲುಪಿಸುವುದು. ಟಿವಿಯಲ್ಲಿ ತೋರಿಸುವ ಹಾಗೆ ಸ್ಯಾಂಡ್ ವೆಜ್‌ನಲ್ಲಿ ಆಕಾಶಕ್ಕೆ ಎತ್ತಿ ಠಪ್ ಅಂತ ನಿಲ್ಲಿಸುವ ಶಾಟ್ ಅಲ್ಲ. 8 ಐರನ್ ಹಿಡಿದು, ಗೋಲಿ ಬಿಟ್ಟ ಹಾಗೆ ನೆಲದ ಮೇಲೆ ಓಡಿಸುವುದು. ನೋಡಲು ಏನೂ ಚೆಂದ ಇಲ್ಲ. ಯಾರೂ ಇದರ ವಿಡಿಯೋ ಮಾಡುವುದಿಲ್ಲ.

ಆದರೆ ಮೊದಲ ಆರು ವರ್ಷ ಯಾರು ಕೇಳಿದರೂ ನಾನು ಹೇಳುತ್ತಿದ್ದದ್ದು 'ಡ್ರೈವರ್' ಅಂತ, ಅಂದರೆ ಎಲ್ಲಕ್ಕಿಂತ ದೂರ ಹೊಡೆಯುವ ಕ್ಲಬ್. ಕಾರಣ ಒಂದೇ ಒಂದು ಹೊಡೆತ. ಮಾರ್ಚ್ ತಿಂಗಳು, ಫೇರ್‌ವೇ (ಗ್ರೀನ್‌ವರೆಗಿನ ಕತ್ತರಿಸಿದ ಹುಲ್ಲಿನ ದಾರಿ) ಒಣಗಿ ಕಾಂಕ್ರೀಟ್ ಥರ ಆಗಿತ್ತು, ಇಳಿಜಾರು ಬೇರೆ, ಹಿಂದಿನಿಂದ ಗಾಳಿ, ಬಾಲ್ ಓಡಿ ಓಡಿ 260 ಯಾರ್ಡ್ ದಾಟಿ ನಿಂತಿತು. ಅವತ್ತಿನಿಂದ ನಾನು 260 ಯಾರ್ಡ್ ಹೊಡೆಯುವವನು. ಆಮೇಲೆ ಹೊಡೆದ ನೂರಾರು ಡ್ರೈವ್‌ಗಳೆಲ್ಲ 'ಇವತ್ತು ಯಾಕೋ ಸರಿ ಕೂರಲಿಲ್ಲ' ಅನ್ನುವ ಖಾತೆಗೆ. ಈ ರೋಗ ಆಡುವವರೆಲ್ಲರಿಗೂ ಇದೆ, ಹ್ಯಾಂಡಿಕ್ಯಾಪ್ ಲೆಕ್ಕ ಅದಕ್ಕೆ ಇನ್ನಷ್ಟು ತುಪ್ಪ ಸುರಿಯುತ್ತದೆ. 2020ರಲ್ಲಿ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಕೊನೆಯ 20 ರೌಂಡ್ ತಗೊಂಡು, ಅದರಲ್ಲಿ ಚೆನ್ನಾಗಿರುವ 8 ಮಾತ್ರ ಸರಾಸರಿಗೆ ಸೇರಿಸುತ್ತಾರೆ. ಉಳಿದ 12ರಲ್ಲಿ ನಾವು ಏನು ಮಾಡಿದೆವು ಅಂತ ಆ ಸಂಖ್ಯೆ ಬಾಯಿ ಬಿಡುವುದಿಲ್ಲ.

ಒಂದು ದಿನ ಊಟ ಮಾಡುತ್ತಾ ಮಗಳಿಗೆ ನನ್ನ ಡ್ರೈವ್ ಬಗ್ಗೆ ಹೇಳುತ್ತಿದ್ದೆ. ಅವಳು ತಟ್ಟೆಯಿಂದ ತಲೆ ಎತ್ತದೆ, "ಅಪ್ಪ, ಇದನ್ನೆಲ್ಲ ಬರೆದಿಟ್ಟಿದ್ದೀಯಾ, ಇಲ್ಲ ಸುಮ್ನೆ ಹೇಳ್ತಿದ್ದೀಯಾ?" ಅಂದಳು. ಮಾರನೇ ದಿನವೇ ಜೇಬಿಗೆ ಹಿಡಿಯುವ ಒಂದು ಪುಸ್ತಕ ತಂದೆ. 20 ರೌಂಡ್ ಬರೆದೆ. ರೇಂಜ್‌ಫೈಂಡರ್ ಇರುವ ಗೆಳೆಯನ ಹತ್ತಿರ ಡ್ರೈವ್ ಅಳೆಸಿದೆ.

ಸರಾಸರಿ 205 ಯಾರ್ಡ್. ಡ್ರೈವರ್ ಹೊಡೆಯುವ 14 ಹೋಲ್‌ಗಳಲ್ಲಿ ಫೇರ್‌ವೇಗೆ ಬೀಳುತ್ತಿದ್ದದ್ದು ಐದು. ಪಾರ್‌ಗೆ ಎರಡು ಹೊಡೆತ ಬಾಕಿ ಇರುವಾಗಲೇ ಗ್ರೀನ್ ಮೇಲೆ ಇರಬೇಕು ಅನ್ನುವ ಲೆಕ್ಕ ಇದೆಯಲ್ಲ, ಅದು 18ರಲ್ಲಿ ಮೂರು. ಇಷ್ಟು ಬರೆದ ಮೇಲೆ ಪುಸ್ತಕ ಮುಚ್ಚಿಟ್ಟುಬಿಡೋಣ ಅನ್ನಿಸಿತ್ತು. ಆದರೆ ಇನ್ನೊಂದು ಸಾಲು ಇತ್ತು. ಗ್ರೀನ್ ಪಕ್ಕದಿಂದ, ಬಂಕರ್ (ಮರಳಿನ ಗುಂಡಿ) ಬಿಟ್ಟು, 20 ರೌಂಡ್‌ಗಳಲ್ಲಿ 171 ಸಲ ಚಿಪ್ ಮಾಡಿದ್ದೆ. ಅದರಲ್ಲಿ 68 ಸಲ ಒಂದು ಚಿಪ್, ಒಂದು ಪಟ್ (ಗ್ರೀನ್ ಮೇಲೆ ಕಪ್‌ಗೆ ಉರುಳಿಸುವ ಹೊಡೆತ), ಅಷ್ಟಕ್ಕೇ ಮುಗಿದಿತ್ತು. ಹತ್ತಕ್ಕೆ ನಾಲ್ಕು. ಅಮೆರಿಕದ ಪಿಜಿಎ ಟೂರ್‌ನ ಪ್ರೊಫೆಷನಲ್ ಆಟಗಾರರು ಗ್ರೀನ್ ತಪ್ಪಿದಾಗ ಪಾರ್ ಉಳಿಸಿಕೊಳ್ಳುವುದು ಹತ್ತಕ್ಕೆ ಸುಮಾರು ಆರು ಸಲ, ಅದೂ ಬಂಕರ್, ಉದ್ದ ಹುಲ್ಲು ಎಲ್ಲ ಸೇರಿ. ನನ್ನದು ಸುಲಭದ ಲೆಕ್ಕ ಅಂತ ಒಪ್ಪುತ್ತೇನೆ. ಆದರೂ ನಮ್ಮ ಭಾನುವಾರದ ಗುಂಪಿನಲ್ಲಿ ಇದರ ಹತ್ತಿರ ಬರುವವರು ಯಾರೂ ಇಲ್ಲ.

ಇದು ಹೇಗೆ ಬಂತು ಅಂದರೆ, ದುಡ್ಡು ಉಳಿಸಲು ಹೋಗಿ ಬಂತು. ನಾನು ಕಲಿತ ರೇಂಜ್‌ನಲ್ಲಿ ಒಂದು ಬಕೆಟ್ ಬಾಲ್‌ಗೆ ದುಡ್ಡು ಕೊಡಬೇಕಿತ್ತು. ಪಕ್ಕದಲ್ಲಿದ್ದ ಚಿಪ್ಪಿಂಗ್ ಗ್ರೀನ್‌ಗೆ ನಿಮ್ಮದೇ ನಾಲ್ಕು ಬಾಲ್ ತಂದರೆ ಏನೂ ಕೊಡಬೇಕಿರಲಿಲ್ಲ. ಆಗ ಮನೆ ಸಾಲ, ಮಗಳ ಸ್ಕೂಲ್ ಫೀಸ್. ಆಫೀಸ್ ಮುಗಿಸಿ ಆರು ಗಂಟೆಗೆ ಹೋಗಿ, ಕತ್ತಲಾಗಿ ಬಾಲ್ ಕಾಣದೇ ಹೋಗುವವರೆಗೆ ಅಲ್ಲೇ ತಟ್ಟುತ್ತಿದ್ದೆ. ಮನೆ ಟೆರೇಸ್ ಮೇಲೂ ಹಳೆಯ ಕಾಲೊರಸು ಹಾಕಿಕೊಂಡು ಪ್ಲಾಸ್ಟಿಕ್ ಬಾಲ್‌ಗಳನ್ನು ಬಕೆಟ್‌ಗೆ ಬೀಳಿಸುತ್ತಿದ್ದೆ. ಇನ್ನೊಂದು ಕಾರಣವೂ ಇದೆ, ಹೇಳಲು ನಾಚಿಕೆ: 18ರಲ್ಲಿ 15 ಗ್ರೀನ್ ತಪ್ಪುವವನಿಗೆ ಚಿಪ್ ಮಾಡುವ ಅವಕಾಶ ಬೇಕಾದಷ್ಟು ಸಿಗುತ್ತದೆ.

ಆದರೂ ನಿಜವಾದ ಪಾಠ ಹೇಳಿಕೊಟ್ಟಿದ್ದು ಒಬ್ಬ ಕ್ಯಾಡಿ, ಅಂದರೆ ಆಟಗಾರರ ಬ್ಯಾಗ್ ಹೊರುವವರು. ನನಗಿಂತ ಹತ್ತು ವರ್ಷ ದೊಡ್ಡವರು, ಮಾತು ಕಡಿಮೆ. ನಾನು ಸ್ಯಾಂಡ್ ವೆಜ್ ತಗೊಂಡು ಒಂದು ಸಲ ಬಾಲ್‌ನ ನೆತ್ತಿಗೆ ಹೊಡೆದು ಗ್ರೀನ್ ಆಚೆ ಕಳಿಸಿದೆ, ಅಲ್ಲಿಂದ ಮಣ್ಣಿಗೆ ಹೊಡೆದು ಎರಡಡಿ ಮುಂದೆ ತಂದೆ, ಮತ್ತೆ ನೆತ್ತಿಗೆ ಹೊಡೆದು ಈಚೆ ಬಂದೆ. ಅವರು ಬ್ಯಾಗ್ ಕೆಳಗಿಟ್ಟು, "ಸಾರ್, ಅದನ್ನ ಯಾಕೆ ಮೇಲೆ ಕಳಿಸ್ತೀರಾ? ಮೇಲೇನಿದೆ? ಕಪ್ ಕೆಳಗಿದೆ" ಅಂತ 8 ಐರನ್ ತೆಗೆದು ಕೈಗೆ ಕೊಟ್ಟರು. ಕ್ಯಾಡಿಗಳ ಮಾತನ್ನು ಹಗುರವಾಗಿ ತಗೋಬೇಡಿ. ಬಿಡದಿ ಕಡೆಯ ಚಿಕ್ಕರಂಗಪ್ಪ ಊರ ಪಕ್ಕದ ಕೋರ್ಸ್‌ನಲ್ಲಿ ಬಾಲ್ ಹೆಕ್ಕುತ್ತಾ ಆಟ ಕಲಿತು ಪ್ರೊಫೆಷನಲ್ ಆದವರು.

ಅವತ್ತು ಅವರು ಕೈಯಲ್ಲಿ ತೋರಿಸಿದ್ದನ್ನು ಆಮೇಲೆ ಒಬ್ಬ ಕೋಚ್ ಲೆಕ್ಕದಲ್ಲಿ ಹೇಳಿದರು. 12ರಿಂದ ಕ್ಲಬ್‌ನ ನಂಬರ್ ಕಳೆಯಿರಿ. 8 ಐರನ್ ಆದರೆ ನಾಲ್ಕು ಉಳಿಯುತ್ತೆ, ಅಂದರೆ ಬಾಲ್ ಒಂದು ಪಾಲು ಗಾಳಿಯಲ್ಲಿ ಹೋಗಿ ನಾಲ್ಕು ಪಾಲು ಉರುಳುತ್ತೆ. 9 ಐರನ್ ಆದರೆ ಒಂದಕ್ಕೆ ಮೂರು. ಪಿಚಿಂಗ್ ವೆಜ್ ಅನ್ನು ಹತ್ತು ಅಂತ ಹಿಡಿದುಕೊಂಡರೆ ಒಂದಕ್ಕೆ ಎರಡು. ಇದು ಸಮತಟ್ಟಾದ ಗ್ರೀನ್‌ಗೆ. ಏರಿದ್ದರೆ, ಇಳಿದಿದ್ದರೆ ನೀವೇ ಹೊಂದಿಸಿಕೊಳ್ಳಬೇಕು. ಹೊಡೆಯುವ ರೀತಿ ಪಟ್ಟಿಂಗ್ ಥರವೇ: ಗ್ರಿಪ್ ಸ್ವಲ್ಪ ಕೆಳಗೆ ಹಿಡಿ, ಭಾರ ಎಡಗಾಲ ಮೇಲೆ, ಬಾಲ್ ಬಲಗಾಲ ಕಡೆಗೆ, ಮಣಿಕಟ್ಟು ಆಡಿಸಬೇಡ. ಮತ್ತೆ ಕಣ್ಣು ಕಪ್ ಮೇಲಲ್ಲ, ಬಾಲ್ ಮೊದಲು ಬೀಳಬೇಕಾದ ಜಾಗದ ಮೇಲೆ. ನಾನು ಅಭ್ಯಾಸಕ್ಕೆ ಅಲ್ಲಿ ಒಂದು ಕರ್ಚೀಫ್ ಹಾಕಿಕೊಳ್ಳುತ್ತಿದ್ದೆ.

ಇನ್ನು ಹುಲ್ಲು. ನಾನು ಆಡುವ ಗ್ರೀನ್‌ಗಳಲ್ಲಿ ಬರ್ಮುಡಾ ಹುಲ್ಲು, ಅದಕ್ಕೆ ಗ್ರೇನ್ ಇರುತ್ತೆ, ಅಂದರೆ ಎಳೆಗಳು ಒಂದು ದಿಕ್ಕಿಗೆ ಮಲಗಿರುತ್ತವೆ. ನಿಮ್ಮ ಕಡೆಯಿಂದ ನೋಡಿದಾಗ ಹೊಳೆಯುತ್ತಿದ್ದರೆ ಹುಲ್ಲು ಆ ಕಡೆಗೆ ಮಲಗಿದೆ, ಬಾಲ್ ಜಾಸ್ತಿ ಓಡುತ್ತೆ. ಕಪ್ಪಗೆ ಕಂಡರೆ ಎದುರು ಮಲಗಿದೆ, ಬಾಲ್ ಬೇಗ ನಿಲ್ಲುತ್ತೆ. ಜುಲೈ, ಆಗಸ್ಟ್‌ನಲ್ಲಿ ನೆಲ ಒದ್ದೆ ಇದ್ದಾಗ ನನ್ನ 12ರ ಲೆಕ್ಕ ಅರ್ಧಕ್ಕೇ ನಿಂತುಹೋಗುತ್ತೆ, ಆಗ 7 ಐರನ್ ತಗೋತೀನಿ. ಇದೆಲ್ಲ ಯಾವಾಗಲೂ ಸರಿಹೋಗುತ್ತೆ ಅಂತಲ್ಲ. ಹತ್ತರಲ್ಲಿ ಆರು ಸಲ ತಪ್ಪುತ್ತೆ ಅಂತ ಪುಸ್ತಕವೇ ಹೇಳುತ್ತಿದೆಯಲ್ಲ.

ಈಗ ಒಂದು ಕಹಿ ವಿಷಯ. ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರೋಡಿ ಅನ್ನುವ ಪ್ರೊಫೆಸರ್ ರಾಶಿ ರಾಶಿ ಹೊಡೆತಗಳ ಮಾಹಿತಿ ಇಟ್ಟುಕೊಂಡು ಲೆಕ್ಕ ಹಾಕಿದ್ದಾರೆ. ಅವರ ವಿಧಾನವನ್ನೇ ಪಿಜಿಎ ಟೂರ್ 2011ರಲ್ಲಿ ಪಟ್ಟಿಂಗ್ ಅಳೆಯಲು ತಗೊಂಡಿತು. ಅವರು ಕಂಡುಕೊಂಡ ಪ್ರಕಾರ ಚೆನ್ನಾಗಿ ಆಡುವವನಿಗೂ ಸಾಧಾರಣ ಆಟಗಾರನಿಗೂ ಇರುವ ಸ್ಕೋರ್ ವ್ಯತ್ಯಾಸದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಬರುವುದು 100 ಯಾರ್ಡ್‌ಗಿಂತ ದೂರದಿಂದ ಹೊಡೆಯುವ ಶಾಟ್‌ಗಳಿಂದ. ಅಂದರೆ ನಾನು ಗಟ್ಟಿ ಇರುವುದು ಚಿಕ್ಕ ಪಾಲಿನಲ್ಲಿ. ನನ್ನ ಚಿಪ್ಪಿಂಗ್ ಇನ್ನೂ ಎಷ್ಟೇ ಚೆನ್ನಾಗಿ ಆದರೂ ಹ್ಯಾಂಡಿಕ್ಯಾಪ್ ಒಂದೋ ಎರಡೋ ಇಳಿಯಬಹುದು. ಐರನ್ ಸುಧಾರಿಸಿದರೆ ಐದಾರು ಇಳಿಯುತ್ತೆ. ಇದು ಗೊತ್ತಿದ್ದೂ ಸಂಜೆ ಹೋಗಿ ನಾನು ನಿಲ್ಲುವುದು ಚಿಪ್ಪಿಂಗ್ ಗ್ರೀನ್‌ನಲ್ಲೇ. ಬರುವುದನ್ನೇ ಮಾಡುವ ಸುಖ ಬೇರೆ.

'ಹಾಗಾದರೆ ಅದಿತಿ ಅಶೋಕ್?' ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆಯೇ. 2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್‌ಗೆ ನಮ್ಮ ಮನೆಯಲ್ಲಿ ಬೆಳಗಿನ ಜಾವಕ್ಕೇ ಟಿವಿ ಹಾಕಿದ್ದೆವು, ಗಾಲ್ಫ್ ಅಂದರೆ ಮುಖ ತಿರುಗಿಸುವ ನನ್ನ ಹೆಂಡತಿ ಕೂಡ ಕಾಫಿ ಹಿಡಿದು ಕೂತಿದ್ದಳು. ನಮ್ಮೂರ ಹುಡುಗಿ, ಬ್ಯಾಗ್ ಹೊತ್ತಿದ್ದು ಅವರ ಅಮ್ಮ. ಡ್ರೈವಿಂಗ್ ದೂರದಲ್ಲಿ 60 ಆಟಗಾರ್ತಿಯರ ಪೈಕಿ ಅವರು ಹೆಚ್ಚುಕಮ್ಮಿ ಕೊನೆಯಲ್ಲಿದ್ದರು, ಪಟ್ಟಿಂಗ್‌ನಲ್ಲಿ ಎಲ್ಲರಿಗಿಂತ ಮೇಲೆ. 15 ಅಂಡರ್ ಪಾರ್, ಒಂದೇ ಒಂದು ಹೊಡೆತದಲ್ಲಿ ಪದಕ ಹೋಗಿ ನಾಲ್ಕನೇ ಸ್ಥಾನ. ಅವರ ದೂರ ಕಡಿಮೆ ಇರಬಹುದು, ಆದರೆ ಬಾಲ್ ಕಾಡಿಗೆ ಹೋಗುವುದಿಲ್ಲ, ಅದನ್ನು ಮರೆಯಬಾರದು. ನನ್ನದು ದೂರವೂ ಇಲ್ಲ, ನೇರವೂ ಇಲ್ಲ.

ನಿಮ್ಮ ಪ್ರಶ್ನೆ ಓದಿದ ಮೇಲೆ ಕಳೆದ ಭಾನುವಾರ ಜೊತೆಯಲ್ಲಿ ಆಡುವ ಮೂವರನ್ನೂ ಕೇಳಿದೆ. ಒಬ್ಬ ತಡಮಾಡದೆ 'ಪಟ್ಟಿಂಗ್' ಅಂದ. ಅವನು ನಾಲ್ಕಡಿ ಒಳಗಿನ ಪಟ್ ಹಾಕಿದ್ದನ್ನು ನಾನು ನೋಡಿಯೇ ಇಲ್ಲ. 'ಗಿಮ್ಮಿ ಅಲ್ವಾ?' (ಹತ್ತಿರ ಇದೆ, ಹಾಕಿದ ಹಾಗೇ ಲೆಕ್ಕ ಅಲ್ವಾ) ಅಂತ ಕೇಳುತ್ತಲೇ ಬಾಲ್ ಎತ್ತಿಕೊಂಡಿರುತ್ತಾನೆ. ಟೂರ್ ಆಟಗಾರರೇ ಎಂಟಡಿಯಿಂದ ಎರಡರಲ್ಲಿ ಒಂದು ತಪ್ಪುತ್ತಾರೆ. ನಾಲ್ಕಡಿಯಲ್ಲಿ ನಮ್ಮಂಥವರ ಗತಿ ಏನು ಅಂತ ಒಂದು ದಿನ ಗಿಮ್ಮಿ ಇಲ್ಲದೆ ಆಡಿದರೆ ಗೊತ್ತಾಗುತ್ತೆ. ಎರಡನೆಯವನು 'ಮರಗಳ ಮಧ್ಯದಿಂದ ಆಚೆ ಬರೋದು' ಅಂದ. ಅದು ನಿಜ, ಸೊಗಸಾಗಿ ಬರುತ್ತಾನೆ. ಪ್ರತಿ ವಾರ ಐದಾರು ಸಲ ಅಲ್ಲಿಗೆ ಹೋಗುತ್ತಾನಲ್ಲ.

ಮೂರನೆಯವರು ಬ್ಯಾಂಕ್‌ನಿಂದ ನಿವೃತ್ತರು, ವಯಸ್ಸು 71. ಡ್ರೈವ್ 160 ಯಾರ್ಡ್ ದಾಟಿದರೆ ಅವರಿಗೇ ಆಶ್ಚರ್ಯ. ಸ್ವಲ್ಪ ಯೋಚನೆ ಮಾಡಿ ಜೇಬಿನಿಂದ ಬಾಲ್ ತೆಗೆದು ತೋರಿಸಿದರು. "ಇದು ಐದನೇ ರೌಂಡ್ ಕಣ್ರೀ, ಇನ್ನೂ ಇದೇ ಬಾಲ್" ಅಂದರು. ಅವರು ನೀರಿಗೆ ಹೊಡೆಯುವುದಿಲ್ಲ, ಓಬಿ (ಕೋರ್ಸ್‌ನ ಗಡಿ ಆಚೆ) ಹೋಗುವುದಿಲ್ಲ, ಮೂರು ಹೊಡೆತಕ್ಕೆ ಗ್ರೀನ್ ಪಕ್ಕ ಬಂದು ನಿಂತಿರುತ್ತಾರೆ. ನೂರು ರೂಪಾಯಿ ಪಂದ್ಯದಲ್ಲಿ ನಾವು ಮೂವರೂ ಅವರಿಗೆ ಕೊಟ್ಟಿರುವುದನ್ನು ಕೂಡಿಸಿದರೆ ಒಂದು ಒಳ್ಳೆಯ ಪಟರ್ ಬರುತ್ತಿತ್ತು. ಅವರ ಆಟದಲ್ಲಿ ಗಟ್ಟಿ ಇರುವುದು ಯಾವ ಕ್ಲಬ್ ಅಂತ ಹೇಳಲೇ ಆಗುವುದಿಲ್ಲ. ನನಗೆ ನಿಜವಾಗಿ ಹೊಟ್ಟೆಕಿಚ್ಚು ಇರುವುದು ಅವರನ್ನು ಕಂಡರೆ.

ಬಂಕರ್ ಬಗ್ಗೆ ನನ್ನನ್ನು ಕೇಳಬೇಡಿ.

ಇನ್ನು ನಿಮ್ಮ 7 ಐರನ್. ರೇಂಜ್‌ನಲ್ಲಿ ಮ್ಯಾಟ್ ಮೇಲೆ ಹೊಡೆಯುತ್ತಿದ್ದೀರಿ ಅಂತ ಅಂದುಕೊಳ್ಳುತ್ತೇನೆ. ಮ್ಯಾಟ್ ಬಹಳ ದೊಡ್ಡ ಸುಳ್ಳುಗಾರ. ಕ್ಲಬ್ ಬಾಲ್‌ಗಿಂತ ಒಂದಿಂಚು ಹಿಂದೆ ಬಿದ್ದರೂ ಅದು ಜಾರಿ ಮುಂದೆ ಹೋಗಿ ಬಾಲ್‌ಗೆ ತಗಲುತ್ತೆ, ಶಾಟ್ ಚೆನ್ನಾಗಿಯೇ ಹೋಗುತ್ತೆ. ಅದೇ ಹೊಡೆತ ಹುಲ್ಲಿನ ಮೇಲೆ ಹೊಡೆದರೆ ಕ್ಲಬ್ ಮಣ್ಣಿಗೆ ಕಚ್ಚಿಕೊಳ್ಳುತ್ತೆ, ಬಾಲ್ ಅರ್ಧ ದಾರಿಗೆ ನಿಲ್ಲುತ್ತೆ. ಹುಲ್ಲಿನ ಮೇಲೆ ಹೊಡೆಯಲು ಬಿಡುವ ರೇಂಜ್ ಹುಡುಕಿ. ನೆಲದ ಮೇಲೆ ಬಾಲ್ ಹೋಗುವ ದಿಕ್ಕಿಗೆ ಅಡ್ಡಲಾಗಿ ಒಂದು ಗೆರೆ ಎಳೆದು, ಗೆರೆ ಮೇಲೆ ಬಾಲ್ ಇಟ್ಟು ಹತ್ತು ಹೊಡೆಯಿರಿ, ಬಾಲ್ ಎಲ್ಲಿ ಹೋಯ್ತು ಅಂತ ನೋಡಲೇಬೇಡಿ, ಮಣ್ಣು ಎದ್ದಿದ್ದು ಗೆರೆಯ ಆ ಕಡೆಯೋ ಈ ಕಡೆಯೋ ಅಷ್ಟೇ ನೋಡಿ. ಹತ್ತರಲ್ಲಿ ಏಳು ಆ ಕಡೆ ಇದ್ದರೆ ನಿಮ್ಮ 7 ಐರನ್ ಗಟ್ಟಿ ಅಂತ ನಾನೂ ಒಪ್ಪುತ್ತೇನೆ. ಎಷ್ಟು ಬಂತು ಅಂತ ಇಲ್ಲೇ ಬರೆಯಿರಿ, ಆದರೆ ದಯವಿಟ್ಟು ಎಣಿಸಿ ಬರೆಯಿರಿ.