ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ: ಗ್ರೇಟ್‌ಫುಲ್ ಡೆಡ್ ತಂಡದ ಬೆನ್ನು ಬಿದ್ದವರು

ಪ್ರಶ್ನೆ: ಇಂಜಿನಿಯರಿಂಗ್ ಓದುತ್ತಿರುವ ನನ್ನ ಮಗ ಗ್ರೇಟ್‌ಫುಲ್ ಡೆಡ್ ಎಂಬ ಅಮೆರಿಕದ ರಾಕ್ ತಂಡದ ಅಭಿಮಾನಿ. ಒಂದೇ ಹಾಡನ್ನು ಬೇರೆ ಬೇರೆ ವರ್ಷಗಳ ಕಛೇರಿಗಳಿಂದ ಹುಡುಕಿ ಹುಡುಕಿ ಕೇಳುತ್ತಾನೆ, ದಿನಾಂಕಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾನೆ. ಅವನು ಹುಟ್ಟುವ ಮೊದಲೇ ಮುಗಿದುಹೋದ ತಂಡದ ಬಗ್ಗೆ ಇಷ್ಟು ಹುಚ್ಚು ಇರಬಹುದೇ? (ಓದುಗರು, ಮೈಸೂರು)

ಉತ್ತರ: ಇರಬಹುದು, ಮತ್ತು ಈ ಹುಚ್ಚಿಗೆ ಅರ್ಧ ಶತಮಾನಕ್ಕೂ ಮೀರಿದ ಪರಂಪರೆಯಿದೆ. 1965ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ಆರಂಭವಾಗಿ, ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ 1995ರಲ್ಲಿ ತೀರಿಕೊಳ್ಳುವವರೆಗೆ ನಡೆದ ಈ ತಂಡ ಸುಮಾರು 2,300 ಕಛೇರಿಗಳನ್ನು ನೀಡಿತು. ಯಾವ ರಾತ್ರಿ ಯಾವ ಹಾಡುಗಳು, ಯಾವ ಕ್ರಮದಲ್ಲಿ ಎಂಬುದನ್ನು ಮೊದಲೇ ಗಟ್ಟಿಮಾಡಿಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ. ‘ಡಾರ್ಕ್ ಸ್ಟಾರ್’ ಎಂಬ ಹಾಡು 1968ರ ಧ್ವನಿಮುದ್ರಿಕೆಯಲ್ಲಿ ಮೂರು ನಿಮಿಷವೂ ಇಲ್ಲ. ಮರುವರ್ಷ ಫಿಲ್ಮೋರ್ ವೆಸ್ಟ್ ಸಭಾಂಗಣದಲ್ಲಿ ನುಡಿಸಿದಾಗ ಅದೇ ಹಾಡು ಇಪ್ಪತ್ತಮೂರು ನಿಮಿಷಕ್ಕೆ ಬೆಳೆದಿತ್ತು. ಆದ್ದರಿಂದ ನಿಮ್ಮ ಮಗ ಕೇಳುತ್ತಿರುವುದು ಒಂದೇ ಹಾಡನ್ನಲ್ಲ, ಆ ಹಾಡು ಒಂದೊಂದು ರಾತ್ರಿ ಎತ್ತ ಹರಿಯಿತು ಎಂಬುದನ್ನು. ಕರಾವಳಿಯ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ: ಪ್ರಸಂಗ ಬಾಯಿಪಾಠವಾಗಿದ್ದರೂ ಇಂದು ಭಾಗವತರು ಪದ್ಯವನ್ನು ಹೇಗೆ ಎತ್ತಿಕೊಳ್ಳುತ್ತಾರೆ, ವೇಷಧಾರಿಯ ಅರ್ಥ ಎಲ್ಲಿಗೆ ತಿರುಗುತ್ತದೆ ಎಂದು ನೋಡಲು ಮೇಳದ ತಿರುಗಾಟದ ಹಿಂದೆಯೇ ಹೋಗುವವರನ್ನು ಅವರು ಕಂಡಿದ್ದಾರೆ.

ಅಮೆರಿಕದಲ್ಲಿ ಹೀಗೆ ಹಿಂದೆ ಹೋದವರಿಗೆ ‘ಡೆಡ್‌ಹೆಡ್’ ಎಂಬ ಹೆಸರು ಬಂತು. 1971ರ ಒಂದು ಆಲ್ಬಮ್ಮಿನ ಒಳಹೊದಿಕೆಯಲ್ಲಿ ತಂಡವು ಅಭಿಮಾನಿಗಳಿಂದ ಹೆಸರು, ವಿಳಾಸ ಕೇಳಿತು. ಬಂದ ಕಾಗದಗಳಿಂದ ಅಂಚೆಪಟ್ಟಿಯೊಂದು ಬೆಳೆಯಿತು. 1983ರಿಂದ ಟಿಕೆಟ್ಟುಗಳನ್ನೂ ತಂಡವೇ ಅಂಚೆಯ ಮೂಲಕ ಮಾರತೊಡಗಿದಾಗ ಅಭಿಮಾನಿಗಳು ಲಕೋಟೆಗಳ ಮೇಲೆ ಬಣ್ಣಬಣ್ಣದ ಚಿತ್ರ ಬರೆದು ಕಳಿಸುತ್ತಿದ್ದರು. ಅಂಥ ಲಕೋಟೆಗಳು ಈಗ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಜ್ ಗ್ರಂಥಾಲಯದಲ್ಲಿ, ತಂಡದ ಉಳಿದ ದಾಖಲೆಗಳ ಜೊತೆಗೆ ಸಂರಕ್ಷಿತವಾಗಿವೆ. ನೋಟ್‌ಬುಕ್ಕಿನ ಬಗ್ಗೆ ಚಿಂತೆ ಬೇಡ. ಪರೀಕ್ಷೆಯ ದಿನಗಳಲ್ಲಿ ಮಾತ್ರ ಒಂದು ಮಾತು ಹೇಳಿ.

ಪ್ರಶ್ನೆ: ಈ ತಂಡ ತನ್ನ ಕಛೇರಿಗಳನ್ನು ಯಾರು ಬೇಕಾದರೂ ಧ್ವನಿಮುದ್ರಿಸಿಕೊಳ್ಳಲು ಬಿಟ್ಟಿತ್ತು ಎಂದು ಕೇಳಿದ್ದೇನೆ. ಹಣವಿಲ್ಲದೆ ಕ್ಯಾಸೆಟ್ಟುಗಳು ಹರಡಿದ್ದು ಹೇಗೆ? ತಂಡಕ್ಕೆ ನಷ್ಟವಾಗಲಿಲ್ಲವೇ? (ಓದುಗರು, ದಾವಣಗೆರೆ)

ಉತ್ತರ: 1970ರ ದಶಕದ ಆರಂಭದಲ್ಲಿ ಜನ ಧ್ವನಿಮುದ್ರಣ ಯಂತ್ರಗಳನ್ನು ಕದ್ದುಮುಚ್ಚಿಯೇ ಒಳಗೆ ತರುತ್ತಿದ್ದರು. ತಂಡದ ಸಿಬ್ಬಂದಿ ಕೆಲವೊಮ್ಮೆ ಗದರಿದರು, ಬಹಳ ಸಲ ಕಂಡೂ ಕಾಣದಂತೆ ಇದ್ದರು. ಕ್ರಮೇಣ ಮೈಕ್ರೊಫೋನಿನ ಎತ್ತರದ ಕೋಲುಗಳು ಉಳಿದ ಪ್ರೇಕ್ಷಕರ ಕಣ್ಣಿಗೆ ಅಡ್ಡ ಬರುವಷ್ಟಾದಾಗ, 1984ರ ಅಕ್ಟೋಬರ್‌ನಲ್ಲಿ ಬರ್ಕ್ಲಿಯ ಕಛೇರಿಗಳಿಂದ ಆರಂಭಿಸಿ, ಧ್ವನಿ ನಿಯಂತ್ರಿಸುವ ಸೌಂಡ್‌ಬೋರ್ಡಿನ ಹಿಂದೆ ಅವರಿಗೆಂದೇ ಜಾಗ ಕೊಟ್ಟು, ಅದಕ್ಕೆ ಪ್ರತ್ಯೇಕ ಟಿಕೆಟ್ ಇಡಲಾಯಿತು. ಇದನ್ನು ಬರೀ ಔದಾರ್ಯವೆಂದು ಹಲವರು ಕೊಂಡಾಡುತ್ತಾರೆ. ತಮ್ಮದೇ ಕೇಳುಗರ ಮೇಲೆ ಪೊಲೀಸಗಿರಿ ಮಾಡುವ ಮನಸ್ಸು ಆ ತಂಡಕ್ಕೆ ಇರಲಿಲ್ಲ ಎಂಬುದೇ ಅದಕ್ಕಿಂತ ಹತ್ತಿರದ ಕಾರಣವೆಂದು ನನ್ನ ಅಭಿಪ್ರಾಯ. ತಾವು ನುಡಿಸಿ ಮುಗಿಸಿದ ಮೇಲೆ ಅದು ಕೇಳುಗರಿಗೆ ಸೇರಿದ್ದು ಎಂಬರ್ಥದ ಮಾತನ್ನು ಗಾರ್ಸಿಯಾ ಆಡಿದ್ದರು.

ಹಂಚಿಕೆಯ ಕಟ್ಟುಪಾಡು ಮಾತ್ರ ಕಠಿಣವಾಗಿತ್ತು: ಮಾರಬಾರದು. ಹೊಸಬನ ಬಳಿ ಬದಲಿಗೆ ಕೊಡಲು ಏನೂ ಇಲ್ಲದಿದ್ದರೆ ಖಾಲಿ ಕ್ಯಾಸೆಟ್ಟುಗಳನ್ನೂ ಮರುಅಂಚೆಯ ಸ್ಟಾಂಪುಗಳನ್ನೂ ಕಳಿಸುತ್ತಿದ್ದ. ಎದುರಿನವನು ಪ್ರತಿ ಮಾಡಿ ಹಿಂದಿರುಗಿಸುತ್ತಿದ್ದ. ತೊಂಬತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದು ಬದಿಗೆ ಸಿಗುವುದು ನಲವತ್ತೈದು ನಿಮಿಷವಾದ್ದರಿಂದ, ಒಳ್ಳೆಯ ಆಲಾಪನೆಯ ನಡುವೆಯೇ ಟೇಪು ತಿರುಗಿಸಬೇಕಾಗಿ ಬಂದ ರಾತ್ರಿಗಳ ಬಗ್ಗೆ ಹಳಬರು ಇಂದಿಗೂ ಪೇಚಾಡುತ್ತಾರೆ. ಪ್ರತಿಯಿಂದ ಪ್ರತಿ ತೆಗೆದಂತೆಲ್ಲ ‘ಹಿಸ್’ ಎಂಬ ಸದ್ದು ಏರುತ್ತಿದ್ದುದರಿಂದ ತನ್ನದು ಮೂಲದಿಂದ ಎಷ್ಟನೆಯ ತಲೆಮಾರು ಎಂಬುದನ್ನು ಪ್ರತಿಯೊಬ್ಬರೂ ಬರೆದಿಡುತ್ತಿದ್ದರು. ಪಟ್ಟಿ, ದಿನಾಂಕ, ಊರು, ಯಂತ್ರದ ವಿವರ ಎಲ್ಲವನ್ನೂ ದಾಖಲಿಸುವ ಶಿಸ್ತು ಹುಟ್ಟಿದ್ದು ಹೀಗೆ, ಅಗತ್ಯದಿಂದ.

ನಷ್ಟದ ಲೆಕ್ಕ ಸರಳ. ತಂಡದ ಗಳಿಕೆ ಮುಖ್ಯವಾಗಿ ಕಛೇರಿಗಳಿಂದ ಬರುತ್ತಿತ್ತು, ಆಲ್ಬಮ್ಮುಗಳಿಂದಲ್ಲ; ಅವರ ಹಾಡೊಂದು ಅಮೆರಿಕದ ಮೊದಲ ಹತ್ತರ ಪಟ್ಟಿಗೆ ಏರಿದ್ದೇ 1987ರಲ್ಲಿ, ಅದೂ ಒಂದೇ ಒಂದು. ಕ್ಯಾಸೆಟ್ಟು ಕೇಳಿದವನು ಮುಂದಿನ ಕಛೇರಿಗೆ ಬರುತ್ತಿದ್ದ. ಇನ್ನೊಂದು ಲಾಭ ಯಾರೂ ಎಣಿಸದೇ ಬಂದದ್ದು. ತಂಡದ ಧ್ವನಿತಂತ್ರಜ್ಞೆ ಬೆಟ್ಟಿ ಕ್ಯಾಂಟರ್-ಜ್ಯಾಕ್ಸನ್ ಅವರು 1970ರ ದಶಕದಲ್ಲಿ ಅಪೂರ್ವ ಸ್ಪಷ್ಟತೆಯಿಂದ ಮುದ್ರಿಸಿದ್ದ ರೀಲುಗಳು ದಾಸ್ತಾನು ಕೊಠಡಿಯೊಂದರಲ್ಲಿದ್ದವು; ಬಾಡಿಗೆ ಬಾಕಿಯಾಗಿ 1986ರಲ್ಲಿ ಅವು ಹರಾಜಾದವು. ಕೊಂಡವರಿಂದ ಅಭಿಮಾನಿಗಳ ಕೈಗೆ ಬಂದು, ಅವರೇ ಪ್ರತಿ ಮಾಡಿ ಹರಡಿದ್ದರಿಂದ 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್‌ನಲ್ಲಿ ನಡೆದ ಕಛೇರಿ ಮನೆಮಾತಾಯಿತು. 2012ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ತನ್ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಸೇರಿಸಿತು. ಅಧಿಕೃತ ಆಲ್ಬಮ್ ಆಗಿ ಅದು ಹೊರಬಂದದ್ದು 2017ರಲ್ಲಿ. ಕೇಳುಗರು ದಶಕಗಳ ಮೊದಲೇ ತೀರ್ಪು ಕೊಟ್ಟಿದ್ದರು, ಸಂಸ್ಥೆಗಳು ನಿಧಾನವಾಗಿ ಸಹಿ ಹಾಕಿದವು.

ಡಿಕ್ ಲಟ್ವಾಲಾ ಅವರ ಹೆಸರನ್ನೂ ಇಲ್ಲಿ ಹೇಳಬೇಕು. ಟೇಪು ಕೂಡಿಹಾಕುವ ಅಭಿಮಾನಿಯಾಗಿ ಆರಂಭಿಸಿದ ಅವರು ಕೊನೆಗೆ ತಂಡದ ಟೇಪು ಭಂಡಾರದ ಕೀಲಿಕೈಯನ್ನೇ ಪಡೆದರು. 1993ರಿಂದ ಅವರು ಆಯ್ದ ಕಛೇರಿಗಳು ಅವರದೇ ಹೆಸರಿನ ಮಾಲಿಕೆಯಲ್ಲಿ ಪ್ರಕಟವಾದವು. ಅವರು 1999ರಲ್ಲಿ ನಿಧನರಾದರು.

ಪ್ರಶ್ನೆ: ಮಾದಕವಸ್ತು, ಅಲೆಮಾರಿತನ, ಟಿಕೆಟ್ಟಿಗಾಗಿ ಬೇಡುವುದು, ಇವೇ ಈ ಅಭಿಮಾನಿಗಳ ಗುರುತಲ್ಲವೇ? ತಾವು ಅದನ್ನು ಮರೆಮಾಚುವುದಿಲ್ಲವೆಂದು ನಂಬುತ್ತೇನೆ. (ಓದುಗರು, ಹುಬ್ಬಳ್ಳಿ)

ಉತ್ತರ: ಮರೆಮಾಚುವುದಿಲ್ಲ. ಕಛೇರಿಯ ಹೊರಗಿನ ವಾಹನ ನಿಲುಗಡೆಯ ಬಯಲಿನಲ್ಲಿ ‘ಶೇಕ್‌ಡೌನ್ ಸ್ಟ್ರೀಟ್’ ಎಂದು ಕರೆಯಲಾಗುತ್ತಿದ್ದ ಸಂತೆ ನೆರೆಯುತ್ತಿತ್ತು. ಬಣ್ಣ ಕಟ್ಟಿದ ಅಂಗಿ, ಬಿಸಿ ತಿಂಡಿ ಮಾರಿ ಮುಂದಿನ ಊರಿಗೆ ಪೆಟ್ರೋಲಿನ ಹಣ ಹೊಂದಿಸಿಕೊಳ್ಳುವವರು ಅಲ್ಲಿದ್ದರು, ಒಂದು ಬೆರಳೆತ್ತಿ ಯಾರಾದರೂ ಉಚಿತ ಟಿಕೆಟ್ ಕೊಟ್ಟಾರೆಂದು ‘ಮಿರಾಕಲ್’ಗಾಗಿ ಕಾಯುವವರಿದ್ದರು, ಎಲ್‌ಎಸ್‌ಡಿ ಮಾರುವವರೂ ಇದ್ದರು, ಅದರಿಂದ ದೀರ್ಘ ಸೆರೆವಾಸ ಕಂಡ ಎಳೆಯರೂ ಇದ್ದರು. ಆದರೆ ಅದೇ ಗುಂಪಿನೊಳಗೆ 1980ರ ದಶಕದಲ್ಲಿ ‘ವಾರ್ಫ್ ರ‍್ಯಾಟ್ಸ್’ ಎಂಬ ಬಳಗ ಹುಟ್ಟಿತು. ವ್ಯಸನ ಬಿಟ್ಟವರು ಹಳದಿ ಬಲೂನು ಕಟ್ಟಿದ ಮೇಜಿನ ಬಳಿ ವಿರಾಮದ ವೇಳೆಯಲ್ಲಿ ಸೇರಿ, ಪರಸ್ಪರ ಬೆಂಬಲದಿಂದ ಕಛೇರಿಯನ್ನು ಪೂರ್ತಿ ಕೇಳಿ ಹೋಗುತ್ತಿದ್ದರು. ರೋಗ ಹುಟ್ಟಿದಲ್ಲೇ ಶುಶ್ರೂಷೆಯೂ ಹುಟ್ಟಿದ್ದನ್ನು ಈ ಅಭಿಮಾನಿಗಳನ್ನು ಹೀಗಳೆಯುವವರು ಸಾಮಾನ್ಯವಾಗಿ ಹೇಳುವುದಿಲ್ಲ.

1987ರ ಆ ಜನಪ್ರಿಯ ಹಾಡಿನ ನಂತರ ಸಂಗೀತಕ್ಕಿಂತ ಸಂತೆಗಾಗಿಯೇ ಬರುವ ಜನ ಹೆಚ್ಚಿದರು. 1995ರ ಜುಲೈ 2ರಂದು ಇಂಡಿಯಾನಾ ರಾಜ್ಯದ ಡೀರ್ ಕ್ರೀಕ್‌ನಲ್ಲಿ ಟಿಕೆಟ್ಟಿಲ್ಲದ ಸಾವಿರಾರು ಮಂದಿ ಬೇಲಿ ಮುರಿದು ಒಳನುಗ್ಗಿದರು. ಮರುದಿನದ ಕಛೇರಿ ರದ್ದಾಯಿತು, ತಂಡವು ಅಭಿಮಾನಿಗಳಿಗೇ ಕಟುವಾದ ಬಹಿರಂಗ ಪತ್ರ ಬರೆಯಬೇಕಾಯಿತು. ಜುಲೈ 9ರಂದು ಶಿಕಾಗೋದ ಸೋಲ್ಜರ್ ಫೀಲ್ಡ್‌ನಲ್ಲಿ ನುಡಿಸಿದ್ದೇ ಗಾರ್ಸಿಯಾ ಇದ್ದ ಕೊನೆಯ ಕಛೇರಿ. ಆಗಸ್ಟ್ 9ರಂದು ವ್ಯಸನಮುಕ್ತಿ ಕೇಂದ್ರವೊಂದರಲ್ಲಿ, ಐವತ್ತಮೂರನೆಯ ವಯಸ್ಸಿನಲ್ಲಿ, ಅವರ ಹೃದಯ ನಿಂತಿತು. ತಮ್ಮ ನೆಚ್ಚಿನ ವಾದಕ ಕರಗುತ್ತಿರುವುದನ್ನು ಕಂಡೂ ಮುಂದಿನ ಊರಿನ ಟಿಕೆಟ್ಟು ಕೊಂಡೆವಲ್ಲ ಎಂದು ಕೊರಗಿದ ಅಭಿಮಾನಿಗಳಿದ್ದಾರೆ, ಆ ಕೊರಗು ಅಕಾರಣವಲ್ಲ.

ಪ್ರಶ್ನೆ: ಈ ತಂಡಕ್ಕೂ ನಮ್ಮ ಸಂಗೀತಕ್ಕೂ ಸಂಬಂಧವುಂಟೇ? (ಓದುಗರು, ಬೆಂಗಳೂರು)

ಉತ್ತರ: ಉಂಟು, ತಾಳದ ಮೂಲಕ. ತಂಡದ ಡ್ರಮ್ಸ್ ವಾದಕ ಮಿಕಿ ಹಾರ್ಟ್ ಅವರು ಉಸ್ತಾದ್ ಅಲ್ಲಾ ರಖಾ ಅವರಿಂದ ಕಲಿತರು, ಮತ್ತು ಜಾಕೀರ್ ಹುಸೇನ್ ಅವರೊಡನೆ ದಶಕಗಳ ಕಾಲ ನುಡಿಸಿದರು. 1991ರ ‘ಪ್ಲಾನೆಟ್ ಡ್ರಮ್’ ಆಲ್ಬಮ್ಮಿನಲ್ಲಿ ಜಾಕೀರ್ ಅವರ ಜೊತೆಗೆ ಘಟಂ ವಿದ್ವಾನ್ ಟಿ. ಎಚ್. ವಿನಾಯಕರಾಮ್ ಕೂಡ ಇದ್ದಾರೆ. ವಿಶ್ವಸಂಗೀತ ವಿಭಾಗದ ಮೊಟ್ಟಮೊದಲ ಗ್ರ್ಯಾಮಿ ಪ್ರಶಸ್ತಿ ಆ ಆಲ್ಬಮ್ಮಿಗೆ ಸಂದಿತು.

ಪ್ರಶ್ನೆ: ಹೊಸಬರು ಎಲ್ಲಿಂದ ಕೇಳಲು ತೊಡಗಬೇಕು? (ಓದುಗರು, ಶಿವಮೊಗ್ಗ)

ಉತ್ತರ: ಮೇಲೆ ಹೇಳಿದ ಕಾರ್ನೆಲ್ ಕಛೇರಿಯಿಂದ ತೊಡಗಿ. ಅದು ಹಿಡಿಸಿದರೆ 1972ರ ಆಗಸ್ಟ್ 27ರಂದು ಆರೆಗಾನ್ ರಾಜ್ಯದ ವೆನೀಟಾದಲ್ಲಿ, ಹಾಲಿನ ಡೈರಿಯೊಂದರ ಸಹಾಯಾರ್ಥವಾಗಿ, ಉರಿಬಿಸಿಲಿನಲ್ಲಿ ನುಡಿಸಿದ್ದನ್ನು ಕೇಳಿ. ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿ ಸಾವಿರಾರು ಕಛೇರಿಗಳು ಉಚಿತವಾಗಿ ದೊರೆಯುತ್ತವೆ. ಇಳಿಸಿಕೊಳ್ಳುವುದನ್ನು ತಂಡ ತಡೆದಾಗ ಎದ್ದ 2005ರ ವಿವಾದದ ನಂತರ ಸೌಂಡ್‌ಬೋರ್ಡಿನಿಂದ ತೆಗೆದವುಗಳನ್ನು ಅಲ್ಲಿಯೇ ಕೇಳಬಹುದಷ್ಟೇ. ಪ್ರೇಕ್ಷಕರು ಮುದ್ರಿಸಿದವುಗಳನ್ನು ಇಳಿಸಿಕೊಳ್ಳಲೂ ಬಹುದು. ಮೊದಲ ಬಗೆಯಲ್ಲಿ ವಾದ್ಯಗಳು ಬಿಡಿಬಿಡಿಯಾಗಿ ಕೇಳುತ್ತವೆ, ಎರಡನೆಯದರಲ್ಲಿ ಸಭಾಂಗಣವೇ ಕೇಳುತ್ತದೆ. ನನ್ನ ಆಯ್ಕೆ ಎರಡನೆಯದು, ಕೆಮ್ಮು, ಶಿಳ್ಳೆ ಸಮೇತ.